ಕಲ್ಲುಚಪ್ಪಡಿ ಅಂಗಳದ ಪಾಯಿಂಟಿಂಗ್ ಮತ್ತೆ ಮತ್ತೆ ಕಿತ್ತು ಬರುತ್ತಿದೆಯಾ? ಮೊದಲಿಂದ ಕೊನೆಯವರೆಗೆ ಮಾಡುವ ಕ್ರಮ

ಮಳೆಗಾಲಕ್ಕೆ ಮುಂಚೆ ಪಾಯಿಂಟಿಂಗ್ (ಕಲ್ಲುಗಳ ನಡುವಿನ ಸಂದಿಗೆ ಗಾರೆ ತುಂಬುವ ಕೆಲಸ) ಮಾಡಿಸಿದ್ದು, ದೀಪಾವಳಿ ಹೊತ್ತಿಗೆ ಸಂದುಗಳೆಲ್ಲ ಬಾಯಿ ಬಿಟ್ಟಿವೆ. ಚಿಂತಾಮಣಿ, ಶಿಡ್ಲಘಟ್ಟ, ಮಾಲೂರು, ಮುಳಬಾಗಿಲು ಕಡೆ ಚಪ್ಪಡಿ ಹಾಸಿದ ಅಂಗಳ ಇರುವ ಮನೆಗಳಲ್ಲಿ ಇದು ಮಾಮೂಲು ದೂರು. ಮತ್ತೆ ಮೇಸ್ತ್ರಿ ಬರುತ್ತಾರೆ, ಮತ್ತೆ ಸಿಮೆಂಟ್ ಬಳಿಯುತ್ತಾರೆ, ಮುಂದಿನ ವರ್ಷ ಮತ್ತೆ ಅದೇ ಕಥೆ. ಸಿಮೆಂಟ್ ಕಂಪನಿ ಬದಲಿಸಿದರೆ ಸರಿಹೋಗುತ್ತೆ ಅಂದುಕೊಳ್ಳುವವರೇ ಜಾಸ್ತಿ. ಸಿಮೆಂಟಿನ ತಪ್ಪು ಇರುವುದು ಅಪರೂಪ. ಹಳೆಯದನ್ನು ಆಳಕ್ಕೆ ಕೆತ್ತದೆ ಮೇಲೆ ಬಳಿದದ್ದು, ಅಲ್ಲಾಡುವ ಕಲ್ಲನ್ನು ಹಾಗೇ ಬಿಟ್ಟದ್ದು, ಹೆಚ್ಚಿನ ಕಡೆ ಈ ಎರಡೇ ಕಾರಣ.

ಇಲ್ಲಿ ಹೇಳುತ್ತಿರುವುದು ನೆಲಕ್ಕೆ ಹಾಸಿದ ಗ್ರಾನೈಟ್ ಚಪ್ಪಡಿಗೆ, ಅರ್ಧ ಇಂಚಿನಿಂದ ಒಂದು ಇಂಚಿನವರೆಗಿನ ಸಂದುಗಳಿಗೆ. ಸೈಜುಗಲ್ಲಿನ (ಅಳತೆಗೆ ಕಡಿದ ಕಲ್ಲಿನ) ಗೋಡೆಯ ಪಾಯಿಂಟಿಂಗ್ ಬೇರೆ ಕೆಲಸ.

ಹಂತ 1: ಕಾಯಿಲೆ ಎಲ್ಲಿದೆ ಅಂತ ಮೊದಲು ನೋಡಿ

ಉಳಿ ಮುಟ್ಟುವ ಮುಂಚೆ ಒಂದು ಸೀಮೆಸುಣ್ಣ ಹಿಡಿದು ಅಂಗಳ ಪೂರ್ತಿ ಓಡಾಡಿ. ಪ್ರತಿ ಚಪ್ಪಡಿಯ ನಾಲ್ಕು ಮೂಲೆಯ ಮೇಲೂ ನಿಂತು ಮೈಭಾರ ಹಾಕಿ. ಕಲ್ಲು ಒಂದು ಕೂದಲೆಳೆಯಷ್ಟು ಅಲ್ಲಾಡಿದರೂ ಅದಕ್ಕೆ ಗುರುತು ಹಾಕಿ. ಆಮೇಲೆ ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ. ಗಟ್ಟಿಯಾಗಿ ಕೂತ ಕಲ್ಲು ಟಣ್ ಅನ್ನುತ್ತದೆ. ಕೆಳಗೆ ಪೊಳ್ಳು ಇದ್ದರೆ ಡಬ್ ಅನ್ನುತ್ತದೆ. ಎರಡಕ್ಕೂ ಬೇರೆ ಬೇರೆ ಗುರುತು ಹಾಕಿ, ಯಾಕೆಂದರೆ ಅಲ್ಲಾಡುವ ಕಲ್ಲನ್ನು ಎತ್ತಲೇಬೇಕು. ಪೊಳ್ಳು ಶಬ್ದ ಬಂದರೂ ಅಲ್ಲಾಡದ ಕಲ್ಲನ್ನು ಸದ್ಯಕ್ಕೆ ಬಿಡಬಹುದು.

ಇನ್ನೊಂದು ಪರೀಕ್ಷೆ ಇದೆ. ಒಂದು ಬಕೆಟ್ ನೀರು ಸುರಿದು ಸುಮ್ನೆ ನೋಡುತ್ತಾ ನಿಲ್ಲಿ. ನೀರು ಹರಿಯುವ ಬದಲು ಒಂದೇ ಸಂದಿಗೆ ಇಳಿದು ಗುಳ್ಳೆ ಬಂದರೆ ಕೆಳಗೆ ಬಿಲ ಇದೆ ಎಂದರ್ಥ. ಅದು ಹೆಗ್ಗಣದ್ದೋ ಇರುವೆಯದ್ದೋ ಆಗಿರಬಹುದು, ನೀರೇ ಮಣ್ಣನ್ನು ಕೊಚ್ಚಿಕೊಂಡು ಹೋಗಿರಲೂಬಹುದು. ರಾಗಿ, ಕಡಲೆಕಾಯಿ ಒಣಗಿಸುವ ಅಂಗಳದಲ್ಲಿ ಕಾಳು ಸಂದಿಗೆ ಬೀಳುತ್ತಲೇ ಇರುತ್ತದೆ. ಇರುವೆ, ಇಲಿ ಅಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತವೆ?

ತಾರಸಿ ನೀರಿನ ಪೈಪು ಎಲ್ಲಿ ಬೀಳುತ್ತದೆ ಅಂತಲೂ ನೋಡಿ. ಪೈಪಿನ ಕೆಳಗಿನ ಸಂದು ಮಾತ್ರ ಹಾಳಾಗಿದ್ದರೆ ಮೊದಲು ಪೈಪಿಗೆ ಒಂದು ಬೆಂಡ್ ಹಾಕಿಸಿ ನೀರನ್ನು ಮೋರಿಗೆ ತಿರುಗಿಸಿ. ಅದನ್ನು ಬಿಟ್ಟು ಸಂದು ತುಂಬಿದರೆ ದುಡ್ಡು ದಂಡ.

ಕೊನೆಯದಾಗಿ, ಕಲ್ಲಿನ ಕೆಳಗೆ ಏನಿದೆ ಅಂತ ತಿಳಿಯಬೇಕು. ಅಂಚಿನ ಒಂದು ಸಂದಿಯಲ್ಲಿ ಉದ್ದ ಕಂಬಿ ಇಳಿಸಿ. ಗಟ್ಟಿ ಕಾಂಕ್ರೀಟ್ ತಗುಲಿತೋ, ಮರಳು ಮಣ್ಣಿಗೆ ಇಳಿದುಹೋಯಿತೋ? ಹಳೇ ಮನೆಗಳಲ್ಲಿ ಬರೀ ಮಣ್ಣಿನ ಮೇಲೆ ಚಪ್ಪಡಿ ಇಟ್ಟಿರುವುದು ಜಾಸ್ತಿ. ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಜೊತೆಗೆ ಕಲ್ಲೂ ಅಲ್ಲಾಡುತ್ತದೆ. ಅಲ್ಲಿ ಸಿಮೆಂಟ್ ಪಾಯಿಂಟಿಂಗ್ ಎಷ್ಟು ಚೆನ್ನಾಗಿ ಮಾಡಿದರೂ ಬಿರುಕು ಬಿಟ್ಟೇ ಬಿಡುತ್ತದೆ. ಅಂಥ ಅಂಗಳಕ್ಕೆ ಸಂದಿಯಲ್ಲಿ ಒಣ ಜಲ್ಲಿಪುಡಿ ತುಂಬಿ, ಪೊರಕೆಯಲ್ಲಿ ಗುಡಿಸಿ, ಕಂಬಿಯಲ್ಲಿ ಕುಟ್ಟಿ ಕೂರಿಸುವುದೇ ಸರಿ. ವರ್ಷಕ್ಕೊಮ್ಮೆ ಸ್ವಲ್ಪ ಮೇಲೆ ಹಾಕಬೇಕಾಗುತ್ತದೆ, ಅಷ್ಟೇ. ಇಲ್ಲಾ ಅಂದರೆ ಇಡೀ ಅಂಗಳ ಎತ್ತಿ ಕೆಳಗೆ ಕಾಂಕ್ರೀಟ್ ಹಾಕಿ ಮತ್ತೆ ಹಾಸಬೇಕು. ಮಧ್ಯದ ದಾರಿ ಇಲ್ಲ. ಮುಂದಿನ ಹಂತಗಳು ಕೆಳಗೆ ಕಾಂಕ್ರೀಟ್ ಅಥವಾ ಗಟ್ಟಿ ಗಾರೆ ಇರುವ ಅಂಗಳಕ್ಕೆ.

ಹಂತ 2: ಕಾಲ ನೋಡಿ ಶುರು ಮಾಡಿ

ನಮ್ಮ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನವೆಂಬರಿನಲ್ಲೂ ಸೈಕ್ಲೋನ್ ಮಳೆ ಬಿಡುವುದಿಲ್ಲ. ಆಮೇಲೆ ರಾಗಿ ಕೊಯ್ಲು, ಅಂಗಳ ಖಾಲಿ ಇರುವುದಿಲ್ಲ. ಸಂಕ್ರಾಂತಿಯಿಂದ ಶಿವರಾತ್ರಿವರೆಗಿನ ಸಮಯ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಳೆ ಇಲ್ಲ, ಬಿಸಿಲೂ ಹದ.

ಯುಗಾದಿ ದಾಟಿದ ಮೇಲೆ ಮಾಡಲೇಬೇಕಾದರೆ ಸಂಜೆ 4 ಗಂಟೆಯ ನಂತರ ತುಂಬಿ. ಮಧ್ಯಾಹ್ನ ಕೈ ಇಡಲಾಗದಷ್ಟು ಕಾದ ಕಲ್ಲಿನ ಪಕ್ಕ ಗಾರೆ ತುಂಬಿದರೆ ನೀರೆಲ್ಲ ಹೀರಿ ಹೋಗಿ, ಸಿಮೆಂಟ್ ಗಟ್ಟಿಯಾಗದೆ ಒಣಗುತ್ತದೆ. ಮೇಲಿಂದ ಚೆನ್ನಾಗೇ ಕಾಣುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಒಂದೂವರೆ ಕೆಜಿಯ ಸುತ್ತಿಗೆ, ಸಂದಿಗಿಂತ ಕಿರಿದಾದ ಚಪ್ಪಟೆ ಉಳಿ, ಸಣ್ಣ ಕರಣೆ, ಸಂದಿಯೊಳಗೆ ಹೋಗುವಷ್ಟು ಅಗಲದ ಪಟ್ಟಿ ಕಬ್ಬಿಣದ ತುಂಡು, 12 ಎಂಎಂ ಕಂಬಿಯ ಬಗ್ಗಿಸಿದ ತುಂಡು, ತಂತಿ ಬ್ರಷ್, ಬಾಂಡ್ಲಿ, ಜರಡಿ, ಎರಡು ಬಕೆಟ್, ಸ್ಪಂಜು, ಹಳೇ ಗೋಣಿಚೀಲ. ಕಲ್ಲು ಎತ್ತುವುದಿದ್ದರೆ ಎರಡು ಹಾರೆ, ಮರದ ತುಂಡುಗಳು, ರಸಮಟ್ಟ, ದಾರ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಹಸಿ ಸಿಮೆಂಟ್ ಚರ್ಮ ಸುಡುತ್ತದೆ.

ಸಿಮೆಂಟ್ ಎಷ್ಟು ಬೇಕು ಅಂತ ಕೇಳುವವರಿಗೆ ಒಂದು ಲೆಕ್ಕ. 10 ಅಡಿಗೆ 20 ಅಡಿ ಅಂಗಳ, 3 ಅಡಿಗೆ 2 ಅಡಿಯ ಚಪ್ಪಡಿ ಅಂದುಕೊಳ್ಳಿ. ಸಂದುಗಳ ಒಟ್ಟು ಉದ್ದ ಸುಮಾರು 170 ಅಡಿ ಬರುತ್ತದೆ. 15 ಎಂಎಂ ಅಗಲ, 30 ಎಂಎಂ ಆಳ ತುಂಬಿದರೆ, ಚೆಲ್ಲುವುದೂ ಸೇರಿ ಸುಮಾರು 30 ಲೀಟರ್ ಗಾರೆ ಬೇಕು. ಅದಕ್ಕೆ ಸಿಮೆಂಟ್ 15 ಕೆಜಿ ಸಾಕು. ಒಂದು ಮೂಟೆಯ ಮೂರನೇ ಒಂದು ಭಾಗ. ಹಾಗಾಗಿ ಸಿಮೆಂಟಿನಲ್ಲಿ ಉಳಿತಾಯ ಮಾಡುವುದಕ್ಕೆ ಇಲ್ಲಿ ಏನೂ ಇಲ್ಲ. ಮನೆ ಕಟ್ಟುವಾಗ ಉಳಿದು ಮೂಲೆಯಲ್ಲಿ ಬಿದ್ದಿರುವ ಮೂಟೆ ಬೇಡ. ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, 3 ತಿಂಗಳು ದಾಟಿದ್ದರೆ ಬಿಡಿ. ಕೈ ಹಾಕಿದಾಗ ಗಂಟು ಸಿಕ್ಕಿ, ಹಿಸುಕಿದರೂ ಪುಡಿಯಾಗದಿದ್ದರೂ ಬಿಡಿ.

ಹಂತ 4: ಹಳೆಯದನ್ನು ಕೆತ್ತಿ ತೆಗೆಯುವುದು

ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ. ಅರ್ಧ ದಿನದಲ್ಲಿ ಮುಗಿಸುತ್ತೇನೆ ಅನ್ನುವ ಮೇಸ್ತ್ರಿ ಈ ಹಂತವನ್ನೇ ಹಾರಿಸುತ್ತಾನೆ ಅಂತ ತಿಳಿಯಿರಿ.

ಚಿಂತಾಮಣಿ ಹತ್ತಿರದ ಒಂದು ಮನೆಯಲ್ಲಿ ಒಗೆಯುವ ಕಲ್ಲಿನ ಪಕ್ಕದ ಸಂದು ಕೆತ್ತಿದಾಗ ಮೇಲಿಂದ ಮೇಲೆ ಮೂರು ಪದರ ಸಿಕ್ಕಿತು. ಮೇಲಿನದು ಬೂದು ಬಣ್ಣ, ಅದರ ಕೆಳಗಿನದು ರೆಡ್ ಆಕ್ಸೈಡ್ ಹಾಕಿದ್ದು, ಮೂರನೆಯದು ಮಣ್ಣು ಮೆತ್ತಿಕೊಂಡ ಹಳೇ ಗಾರೆ. ಒಂದೊಂದೂ 4-5 ಎಂಎಂ ದಪ್ಪ, ಉಳಿ ತಗುಲಿಸಿದ ತಕ್ಷಣ ಹಪ್ಪಳದ ಹಾಗೆ ಎದ್ದು ಬಂದವು. ಅವುಗಳ ಕೆಳಗೆ ಒದ್ದೆ ಮಣ್ಣು, ಬೇರು, ಸೋಪಿನ ಜಿಡ್ಡು. ಮೂರು ಸಲ ದುಡ್ಡು ಕೊಟ್ಟಿದ್ದರು, ಒಂದು ಸಲವೂ ಸಂದು ತುಂಬಿರಲಿಲ್ಲ.

ಕೆತ್ತುವ ಆಳಕ್ಕೆ ಒಂದು ನಿಯಮ ನೆನಪಿಡಿ. ಸಂದಿನ ಅಗಲದ ಎರಡರಷ್ಟು ಆಳ ಬೇಕು, ಎಷ್ಟೇ ಕಿರಿದಾದರೂ 20 ಎಂಎಂಗೆ ಕಡಿಮೆ ಬೇಡ. 15 ಎಂಎಂ ಸಂದಿಗೆ 30 ಎಂಎಂ. ಕಂಬಿ ತುಂಡಿಗೆ ಅಷ್ಟು ಅಳತೆಗೆ ಬಣ್ಣದ ಗುರುತು ಹಾಕಿಕೊಳ್ಳಿ, ಮೂರು ಅಡಿಗೊಮ್ಮೆ ಇಳಿಸಿ ನೋಡುತ್ತಾ ಹೋಗಿ. ಅಷ್ಟು ಆಳಕ್ಕೆ ಹೋದರೂ ಪುಡಿಪುಡಿ ಬರುತ್ತಿದ್ದರೆ ಗಟ್ಟಿ ಸಿಗುವವರೆಗೆ ತೆಗೆಯಿರಿ.

ಉಳಿಯನ್ನು ಸಂದಿನ ಉದ್ದಕ್ಕೆ ಓರೆಯಾಗಿ ಹಿಡಿದು ಹೊಡೆಯಿರಿ. ಕಲ್ಲಿನ ಅಂಚಿನ ಕಡೆ ತಿರುಗಿಸಿ ಹೊಡೆದರೆ ಚಪ್ಪಡಿಯ ಅಂಚು ಸಿಡಿಯುತ್ತದೆ. ಸಿಡಿದ ಅಂಚನ್ನು ಯಾರೂ ಮತ್ತೆ ಜೋಡಿಸಲಾರರು. ಸಂದಿನ ತಳ ಚೌಕವಾಗಿರಲಿ. ಬಾಯಿ ಅಗಲ, ತಳ ಚೂಪು ಆದರೆ ಹೊಸ ಗಾರೆಗೆ ಹಿಡಿತ ಸಿಗುವುದಿಲ್ಲ.

ಗ್ರೈಂಡರ್ ಬಳಸಬಹುದಾ? ಗಟ್ಟಿ ಗಾರೆ ಇರುವ ಅಗಲ ಸಂದಿಯಲ್ಲಿ, ನಡುಮಧ್ಯೆ ಒಂದೇ ಗೀಟು ಎಳೆಯುವುದಕ್ಕೆ ಸರಿ. ಎರಡೂ ಬದಿ ಉಳಿಯಲ್ಲೇ ತೆಗೆಯಿರಿ. ಬ್ಲೇಡು ಒಮ್ಮೆ ಜಾರಿದರೆ ಕಲ್ಲಿನ ಮೇಲೆ ಬೀಳುವ ಗೀರು ಹೋಗುವುದಿಲ್ಲ. ಗ್ರಾನೈಟ್ ಮತ್ತು ಮರಳಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಧೂಳು ಏಳದಂತೆ ಸಂದಿಯನ್ನು ಮೊದಲೇ ಒದ್ದೆ ಮಾಡಿಟ್ಟುಕೊಳ್ಳಿ, ಆದರೆ ವೈರು ಒದ್ದೆ ನೆಲದ ಮೇಲೆ ಬಿದ್ದಿರಬಾರದು.

ಕೆತ್ತಿದ ಮೇಲೆ ತಂತಿ ಬ್ರಷ್ಷಿನಲ್ಲಿ ಎರಡೂ ಬದಿಯ ಕಲ್ಲನ್ನು ಉಜ್ಜಿ, ಪುಡಿ ಗುಡಿಸಿ, ಆಮೇಲೆ ನೀರು ಹಾಯಿಸಿ. ಪಾಚಿ, ಜಿಡ್ಡು, ಬೇರು ಒಂದು ಚೂರೂ ಇರಬಾರದು. ಬಿಳಿ ಬಟ್ಟೆಯಲ್ಲಿ ಸಂದಿನ ಒಳಬದಿ ಒರೆಸಿ ನೋಡಿ. ಬಟ್ಟೆ ಕೆಸರಾದರೆ ಇನ್ನೊಂದು ಸಲ ತೊಳೆಯಿರಿ.

ಹಂತ 5: ಅಲ್ಲಾಡುವ ಕಲ್ಲನ್ನು ಎತ್ತಿ ಕೂರಿಸುವುದು

3 ಅಡಿ, 2 ಅಡಿ, 3 ಇಂಚು ದಪ್ಪದ ಚಪ್ಪಡಿ 110 ಕೆಜಿ ದಾಟುತ್ತದೆ. ಒಬ್ಬರೇ ಎತ್ತಲು ಹೋಗಬೇಡಿ. ಒಂದು ಬದಿಗೆ ಹಾರೆ ಕೊಟ್ಟು ಎತ್ತಿ, ಮರದ ತುಂಡು ತುರುಕಿ, ಆಮೇಲೆ ಇನ್ನೊಂದು ಹಾರೆ. ಕಲ್ಲಿನ ಕೆಳಗೆ ಬರಿಗೈ ಹಾಕಬಾರದು. ಬೆರಳು ನಜ್ಜುಗುಜ್ಜಾಗುವ ಭಯ ಒಂದು ಕಡೆ. ಬೆಚ್ಚಗೆ ಕೂತ ಚೇಳು, ಜರಿ ಸಿಗುವುದು ನಮ್ಮ ಕಡೆ ಹೊಸದೇನಲ್ಲ.

ಕೆಳಗಿನ ಸಡಿಲ ಗಾರೆ ಪೂರ್ತಿ ತೆಗೆದು, ಬಿಲ ಇದ್ದರೆ ಬೇಬಿ ಜಲ್ಲಿ (ಸಣ್ಣ ಜಲ್ಲಿ) ಕಾಂಕ್ರೀಟಿನಿಂದ ಮುಚ್ಚಿ. ಕಲ್ಲಿನ ಅಡಿಭಾಗ ತೊಳೆದು ಸಿಮೆಂಟ್ ಹಾಲು (ನೀರಿನಲ್ಲಿ ತೆಳ್ಳಗೆ ಕಲಸಿದ ಬರೀ ಸಿಮೆಂಟ್) ಬಳಿಯಿರಿ. 1:4ರ ಗಾರೆಯನ್ನು (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಕಲ್ಲಿನ ಅಳತೆಗೆ ಪೂರ್ತಿ ಹರಡಿ. ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು ಅಂತ ಉಂಡೆ ಇಟ್ಟು ಕಲ್ಲು ಕೂರಿಸುವ ಅಭ್ಯಾಸ ಇದೆ. ಪೊಳ್ಳು ಹುಟ್ಟುವುದೇ ಅದರಿಂದ, ಒಪ್ಪಬೇಡಿ.

ದಾರ ಕಟ್ಟಿ ಇಳಿಜಾರು ನೋಡಿಕೊಳ್ಳಿ. ಮನೆಯಿಂದ ಆಚೆಗೆ 10 ಅಡಿಗೆ ಒಂದೂವರೆ ಇಂಚು ಇಳಿದರೆ ನೀರು ನಿಲ್ಲುವುದಿಲ್ಲ. ಕೂರಿಸಿದ ಕಲ್ಲಿನ ಸುತ್ತ 3 ದಿನ ಯಾರೂ ಓಡಾಡದ ಹಾಗೆ ಅಡ್ಡ ಇಡಿ. ಅಲ್ಲಿಯವರೆಗೆ ಅದರ ಸಂದು ತುಂಬಬೇಡಿ.

ಹಂತ 6: ಮರಳು, ನೀರು, ಗಾರೆ

ಕೆರೆ ಮಣ್ಣು ತೊಳೆದು ಮಾಡುವ ಫಿಲ್ಟರ್ ಮರಳು ಕೋಲಾರದ ಕಡೆಯವರಿಗೆ ಗೊತ್ತೇ ಇದೆ. ನೋಡಲು ಹೊಳೆ ಮರಳಿನ ಹಾಗೇ ಇರುತ್ತದೆ. ಅದರಲ್ಲಿ ಉಳಿದ ಜೇಡಿ ಗಾರೆಯನ್ನು ಕುಗ್ಗಿಸಿ ಬಿರುಕು ಬಿಡಿಸುತ್ತದೆ. ಯಾವ ಮರಳೇ ತಂದರೂ ಪರೀಕ್ಷೆ ಮಾಡಿ. ಗಾಜಿನ ಬಾಟಲಿಗೆ ಅರ್ಧ ಮರಳು, ಮುಕ್ಕಾಲಿನವರೆಗೆ ನೀರು, ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ 3 ಗಂಟೆ ಇಡಿ. ಮರಳಿನ ಮೇಲೆ ನುಣ್ಣನೆ ಮಣ್ಣಿನ ಪದರ ಕೂರುತ್ತದೆ. ಮರಳು 10 ಸೆಂಟಿಮೀಟರ್ ಇದ್ದು ಮಣ್ಣು 8 ಎಂಎಂ ದಾಟಿದರೆ ವಾಪಸ್ ಕಳಿಸಿ.

ಕಿರಿದಾದ ಸಂದಿಗೆ ಪ್ಲಾಸ್ಟರಿಂಗಿನ ಪಿ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ನುಣ್ಣನೆ ಮರಳು) ಸರಿ. ಮುಕ್ಕಾಲು ಇಂಚು ದಾಟಿದರೆ ಜರಡಿ ಹಿಡಿದ ಎಂ-ಸ್ಯಾಂಡ್ (ಅದೇ ಥರದ, ದಪ್ಪ ಕಾಳಿನ ಮರಳು) ಒಳ್ಳೆಯದು, ದಪ್ಪ ಕಾಳು ಇದ್ದಷ್ಟೂ ಕುಗ್ಗುವುದು ಕಡಿಮೆ.

ನೀರಿನ ವಿಷಯಕ್ಕೆ ಒಂದು ಮಾತು. ಊರಿನ ಶುದ್ಧ ನೀರಿನ ಘಟಕದಲ್ಲಿ ಪೈಪಿನಿಂದ ಆಚೆ ಬಿಡುವ ನೀರನ್ನು ಡ್ರಮ್ಮಿನಲ್ಲಿ ತಂದು ಗಾರೆ ಕೆಲಸಕ್ಕೆ ಬಳಸುತ್ತಾರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಸೇರಿರುವುದು ಅದರಲ್ಲೇ. ಬಳಸಿದರೆ ಸಂದಿಯ ಮೇಲೆ ಬಿಳಿ ಉಪ್ಪು ಏಳುತ್ತದೆ. ಕುಡಿಯುವ ನೀರಿನಲ್ಲೇ ಕಲಸಿ.

ಅಳತೆ 1:3. ಒಂದು ಡಬ್ಬ ಸಿಮೆಂಟಿಗೆ ಅದೇ ಡಬ್ಬದಲ್ಲಿ ಮೂರು ಮರಳು. ಸನಿಕೆ ಲೆಕ್ಕ ಬೇಡ, ಒಂದು ಸನಿಕೆಯ ಹಾಗೆ ಇನ್ನೊಂದು ಇರುವುದಿಲ್ಲ. ಒಣಗಿದ್ದಾಗಲೇ ಒಂದೇ ಬಣ್ಣ ಬರುವವರೆಗೆ ಕಲಸಿ, ಆಮೇಲೆ ನೀರು ಸ್ವಲ್ಪಸ್ವಲ್ಪವಾಗಿ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಅಂಗೈಗೆ ನೀರು ಇಳಿಯಬಾರದು. ಸುರಿಯುವ ಹಾಗೆ ತೆಳ್ಳಗೆ ಕಲಸಿದರೆ ತುಂಬುವುದು ಸುಲಭ, ಆದರೆ ಒಣಗುವಾಗ ಕಲ್ಲಿನ ಅಂಚು ಬಿಟ್ಟು ಕುಗ್ಗುತ್ತದೆ.

ಒಂದು ಸಲಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗಲು ಶುರುವಾದ ಗಾರೆಗೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ, ಆ ಬಾಂಡ್ಲಿ ಪಕ್ಕಕ್ಕೆ ಸುರಿಸಿ.

ಹಂತ 7: ತುಂಬುವುದು

ತುಂಬುವ ಮುಂಚೆ ಸಂದಿಗೆ ನೀರು ಹಾಯಿಸಿ, ಒಂದು ಗಂಟೆ ಬಿಟ್ಟು ಮತ್ತೆ ಹಾಯಿಸಿ. ತುಂಬುವ ಹೊತ್ತಿಗೆ ತಳ ಒದ್ದೆಯಾಗಿರಬೇಕು, ನೀರು ನಿಂತಿರಬಾರದು. ನಿಂತಿದ್ದರೆ ಸ್ಪಂಜಿನಲ್ಲಿ ತೆಗೆಯಿರಿ. ಸಿಮೆಂಟ್ ಹಾಲನ್ನು ಹಳೇ ಬ್ರಷ್ಷಿನಲ್ಲಿ ಒಳಬದಿಗೆ ತೆಳ್ಳಗೆ ಹಚ್ಚಿ, ಅದು ಹಸಿಯಾಗಿರುವಾಗಲೇ ಗಾರೆ ಹಾಕಿ. ಹಾಲು ಒಣಗಿದ ಮೇಲೆ ತುಂಬುವುದಕ್ಕಿಂತ ಹಾಲು ಹಚ್ಚದೆ ಇರುವುದೇ ವಾಸಿ. ಆದ್ದರಿಂದ ಮೂರ್ನಾಲ್ಕು ಅಡಿ ಮಾತ್ರ ಹಚ್ಚುತ್ತಾ ಮುಂದೆ ಹೋಗಿ.

ಮನೆಯ ಕಡೆಯಿಂದ ಶುರು ಮಾಡಿ ಗೇಟಿನ ಕಡೆ ಬನ್ನಿ, ಇಲ್ಲಾ ಅಂದರೆ ನೀವು ತುಂಬಿದ್ದನ್ನು ನೀವೇ ತುಳಿಯಬೇಕಾಗುತ್ತದೆ. ಗಾರೆಯನ್ನು ಕರಣೆಯಿಂದ ಸಂದಿಗೆ ತಳ್ಳಿ, ಪಟ್ಟಿ ಕಬ್ಬಿಣದಿಂದ ತಳಮುಟ್ಟ ಒತ್ತಿ. 25 ಎಂಎಂಗಿಂತ ಆಳ ಇದ್ದರೆ ಎರಡು ಸಲ ತುಂಬಿ. ಮೊದಲ ಪದರ ಹೆಬ್ಬೆರಳಿಗೆ ಗಟ್ಟಿ ಅನ್ನಿಸಿದ ಮೇಲೆ ಎರಡನೆಯದು. ಒತ್ತಿದಾಗ ಗಾರೆ ತಗ್ಗುತ್ತಾ ಹೋದರೆ ಒಳಗೆ ಗಾಳಿ ಇದೆ, ಇನ್ನೂ ತುಂಬಿ.

ಸಂದಿಗೆ ಒಣ ಸಿಮೆಂಟ್, ಮರಳು ಗುಡಿಸಿ ಮೇಲೆ ನೀರು ಚಿಮುಕಿಸುವ ಶಾರ್ಟ್‌ಕಟ್ ಬಹಳ ಕಡೆ ನಡೆಯುತ್ತದೆ. ಮೇಲಿನ ಕಾಲು ಇಂಚು ಗಟ್ಟಿಯಾಗುತ್ತದೆ, ಕೆಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಜೊತೆಗೆ ಕಲ್ಲಿನ ಮೈಯೆಲ್ಲ ಬೂದು ಕಲೆ.

ಹಂತ 8: ಮೇಲ್ಮೈ ಒತ್ತುವುದು

ತುಂಬಿದ ತಕ್ಷಣ ನಯ ಮಾಡಬೇಡಿ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ಆಗ ಬಗ್ಗಿಸಿದ ಕಂಬಿಯಿಂದ ಒತ್ತಿ ಎಳೆಯಿರಿ. ಕಲ್ಲಿನ ಅಂಚಿಗಿಂತ 1-2 ಎಂಎಂ ಕೆಳಗೆ, ಸ್ವಲ್ಪ ತಗ್ಗಾಗಿ ಇರಲಿ.

ಸೈಜುಗಲ್ಲಿನ ಗೋಡೆಗೆ ಹಗ್ಗದ ಹಾಗೆ ಉಬ್ಬಿಸಿ ಪಾಯಿಂಟಿಂಗ್ ಮಾಡುವುದು ನಮ್ಮ ಕಡೆಯ ಮೇಸ್ತ್ರಿಗಳಿಗೆ ಕೈಗೆ ಬಂದ ಕೆಲಸ. ಚೆಂದವೂ ಹೌದು. ಅದನ್ನೇ ನೆಲಕ್ಕೂ ಮಾಡಿಬಿಡುತ್ತಾರೆ. ನೆಲದ ಮೇಲೆ ಆ ಉಬ್ಬು ನೀರಿಗೆ ಕಟ್ಟೆ ಕಟ್ಟುತ್ತದೆ, ಪೊರಕೆ, ಚಪ್ಪಲಿ, ಸೈಕಲ್ ಚಕ್ರ ತಗುಲಿ ಮೂಲೆಯಿಂದ ಕಿತ್ತು ಬರುತ್ತದೆ. ಬೇಡ ಅಂತ ಮೊದಲೇ ಹೇಳಿ. ಕಲ್ಲಿನ ಅಂಚಿನ ಮೇಲೆ ಗಾರೆ ಹರಡುವುದೂ ಬೇಡ.

ಕಲ್ಲಿನ ಮೇಲೆ ಬಿದ್ದ ಗಾರೆಯನ್ನು ಅರ್ಧ ಗಂಟೆಯೊಳಗೆ ಹಿಂಡಿದ ಸ್ಪಂಜಿನಲ್ಲಿ ಒರೆಸಿ. ನೀರು ಆಗಾಗ ಬದಲಿಸಿ. ನಾಳೆ ಆಸಿಡ್ ಹಾಕಿ ತೊಳೆದರಾಯಿತು ಅಂದರೆ ಆಸಿಡ್ ಹೊಸ ಸಂದನ್ನೇ ತಿನ್ನುತ್ತದೆ, ಕಬ್ಬಿಣದ ಅಂಶ ಇರುವ ಕಲ್ಲಿನಲ್ಲಿ ತುಕ್ಕಿನ ಹಳದಿ ಕಲೆಯನ್ನೂ ಏಳಿಸುತ್ತದೆ.

ಹಂತ 9: ಸಿಮೆಂಟ್ ಹಾಕಬಾರದ ಜಾಗ

ಅಂಗಳದ ಕಲ್ಲು ಮನೆಯ ಗೋಡೆಗೆ ಸೇರುವ ಕಡೆ, ಸಂಪಿನ ಮುಚ್ಚಳದ ಸುತ್ತ, ಗೇಟಿನ ಕಾಂಕ್ರೀಟ್ ಕಂಬದ ಬುಡದಲ್ಲಿ ಎರಡು ಬದಿಯೂ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಅಲ್ಲಿ ಸಿಮೆಂಟ್ ನಿಲ್ಲುವುದಿಲ್ಲ. ಫೋಮ್ ಹಗ್ಗ ತುರುಕಿ ಮೇಲೆ ಪಾಲಿಯುರೆಥೇನ್ ಸೀಲೆಂಟ್ (ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಅಂಟು) ಹಾಕಿ. ಅದಕ್ಕೆ ಸಂದು ಪೂರ್ತಿ ಒಣಗಿರಬೇಕು, ಹಾಗಾಗಿ ಕ್ಯೂರಿಂಗ್ (ಹೊಸ ಗಾರೆಯನ್ನು ದಿನಗಟ್ಟಲೆ ಒದ್ದೆ ಇಡುವುದು, ಹಂತ 10) ಮುಗಿದ ಮೇಲೆ ಮಾಡಿ. ದೊಡ್ಡ ಅಂಗಳವಾದರೆ 12-15 ಅಡಿಗೊಂದು ಸಾಲನ್ನು ಹೀಗೇ ಬಿಟ್ಟುಕೊಳ್ಳಿ.

ಹಂತ 10: ಕ್ಯೂರಿಂಗ್

ಮೊದಲ ರಾತ್ರಿ ಏನೂ ಸುರಿಯಬೇಡಿ, ಒದ್ದೆ ಗೋಣಿ ಮುಚ್ಚಿದರೆ ಸಾಕು. ಮಾರನೇ ದಿನದಿಂದ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ 10 ದಿನ, ಗೋಣಿ ಒಣಗಲು ಬಿಡಬಾರದು. ಬೆಳಿಗ್ಗೆ ಒಮ್ಮೆ ಪೈಪು ಹಿಡಿದು ಸಂಜೆವರೆಗೆ ಮರೆಯುವುದು ಕ್ಯೂರಿಂಗ್ ಅಲ್ಲ. ಒದ್ದೆ, ಒಣ, ಒದ್ದೆ, ಒಣ ಅಂತ ಆಗುತ್ತಿದ್ದರೆ ಕೂದಲೆಳೆ ಬಿರುಕು ಗ್ಯಾರಂಟಿ.

3 ದಿನದ ಮೇಲೆ ನಡೆದಾಡಬಹುದು, 7 ದಿನದ ಮೇಲೆ ಬೈಕು. ಕಾರಿಗೆ 4 ವಾರ ಕಾಯಿರಿ. ಟ್ರ್ಯಾಕ್ಟರ್ ಬರುವ ಅಂಗಳಕ್ಕೆ ಈ ಚಪ್ಪಡಿ ಕೆಲಸವೇ ಸರಿಯಲ್ಲ, ಬೇರೆ ದಾರಿ ಮಾಡಿಕೊಡಿ.

ಆಮೇಲೆ ಏನಾದರೂ ಕಂಡರೆ

ಮೇಲೆ ಬಿಳಿ ಪುಡಿ ಎದ್ದರೆ ಒಣ ಬ್ರಷ್ಷಿನಲ್ಲಿ ಉಜ್ಜಿ ಗುಡಿಸಿ, ಎರಡು ಮೂರು ತಿಂಗಳಲ್ಲಿ ಕಡಿಮೆಯಾಗುತ್ತದೆ. ಸಂದಿನ ನಡುವೆ ಕೂದಲೆಳೆ ಗೀಟು ಇದ್ದು, ಉಗುರು ಒಳಗೆ ಹೋಗದಿದ್ದರೆ ಬಿಟ್ಟುಬಿಡಿ. ಕಲ್ಲು ಮತ್ತು ಗಾರೆ ಸೇರುವ ಅಂಚಿನಲ್ಲೇ ಉದ್ದಕ್ಕೆ ಬಿರುಕು ಬಿಟ್ಟರೆ ಗಾರೆ ತೆಳ್ಳಗಿತ್ತು ಅಥವಾ ಸಂದು ಕೊಳೆಯಾಗಿತ್ತು. ಆ ಭಾಗ ಮಾತ್ರ ಕೆತ್ತಿ ಮತ್ತೆ ತುಂಬಿ. ಒಂದೇ ಕಲ್ಲಿನ ನಾಲ್ಕೂ ಸುತ್ತ ಬಿರುಕು ಕಂಡರೆ ಸಂದನ್ನು ಮುಟ್ಟಬೇಡಿ, ಆ ಕಲ್ಲು ಅಲ್ಲಾಡುತ್ತಿದೆ, ಹಂತ 5ರಂತೆ ಎತ್ತಿ ಕೂರಿಸಿ. ಕಾರು ತೊಳೆಯುವ ಪ್ರೆಷರ್ ಪಂಪಿನ ಮೂತಿಯನ್ನು ಸಂದಿಗೆ ನೇರ ಹಿಡಿಯುವವರು ಮನೆಯಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಿಡಿ.